ಏಕದುಃಖವೂ ಬಹುದುಃಖವೂ

ಕಳೆದ ತಿಂಗಳ ಸಭೆಯಲ್ಲಿ ನಮ್ಮ ಸಂಘದ ಮಿತ್ರರೊಬ್ಬರು, "ಒಬ್ಬನ ಕಷ್ಟಕ್ಕೆ ಕರಗುವ ಮನಸ್ಸು ಸಾವಿರ ಜನರ ಕಷ್ಟಕ್ಕೆ ಕರಗದಿರುವುದು ಮನುಷ್ಯಸ್ವಭಾವ, ಅದಕ್ಕಾಗಿ ಯಾರನ್ನೂ ದೂರತಕ್ಕದ್ದಲ್ಲ" ಎಂದು ಅಪ್ಪಣೆ ಕೊಡಿಸಿದರು. ಸಭಿಕರಲ್ಲಿ ಅನೇಕರು ತಲೆದೂಗಿದರು. ಹೊತ್ತು ಮೀರಿದ್ದುದರಿಂದ ನಾನು ಅಂದು ಸುಮ್ಮನಿದ್ದೆನು. ನನ್ನ ಆಕ್ಷೇಪವನ್ನು ಈಗ ವಾಚಕರ ಮುಂದಿಡುತ್ತೇನೆ.

ಮಿತ್ರರು ಹೇಳಿದ ಸಂಗತಿಯು ಸುಳ್ಳಲ್ಲ. 2007ರಲ್ಲಿ ಅಮೇರಿಕದ ವಿದ್ವಾಂಸರು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಆಫ್ರಿಕಾದ ಮಾಲಿ ದೇಶದ ಹಸಿದ ಬಾಲಿಕೆಯೊಬ್ಬಳ ಚಿತ್ರವನ್ನು ಕಂಡವರು ಕೊಟ್ಟ ಹಣವು, ಲಕ್ಷಾಂತರ ಜನರ ಹಸಿವಿನ ಅಂಕಿಗಳನ್ನು ಓದಿದವರು ಕೊಟ್ಟುದರ ಸುಮಾರು ಇಮ್ಮಡಿಯಾಗಿತ್ತು. ಚಿತ್ರದೊಡನೆ ಅಂಕಿಗಳನ್ನೂ ಸೇರಿಸಿ ಕೊಟ್ಟಾಗ ದಾನವು ಹೆಚ್ಚುವುದಕ್ಕೆ ಬದಲಾಗಿ ಕುಗ್ಗಿತು! ನಮ್ಮ ಪೂರ್ವಿಕರಿಗೂ ಇದು ತಿಳಿಯದ ವಿಷಯವಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ಧೃತರಾಷ್ಟ್ರನು ಕೇಳಲು, ಧರ್ಮರಾಜನು ಮಡಿದವರ ಲೆಕ್ಕವನ್ನು 166 ಕೋಟಿ 20 ಸಾವಿರವೆಂದು ಒಪ್ಪಿಸುತ್ತಾನೆ. ಆ ಸಂಖ್ಯೆಯನ್ನೋದಿ ಅತ್ತವರನ್ನು ನಾನು ಕಂಡಿಲ್ಲ. ಅದಕ್ಕೆ ಮೊದಲು ಗಾಂಧಾರಿಯು ರಣರಂಗದಲ್ಲಿ ಒಂದೊಂದೇ ಹೆಣವನ್ನು ಶ್ರೀಕೃಷ್ಣನಿಗೆ ತೋರಿಸಿ ಗೋಳಿಡುವ ಭಾಗವನ್ನೋದುವಾಗ ಕಣ್ಣೊದ್ದೆಯಾಗದವರನ್ನೂ ಕಂಡಿಲ್ಲ. ಆಲಂಬನವಿಲ್ಲದೆ ಕರುಣರಸವು ಹುಟ್ಟದೆಂದು ಆಲಂಕಾರಿಕರು ಹೇಳುವರು, ಸಂಖ್ಯೆಯು ಆಲಂಬನವಾಗಲಾರದು.

ಇಲ್ಲಿಯವರೆಗೆ ಮಿತ್ರರಿಗೂ ನನಗೂ ವಿವಾದವಿಲ್ಲ. "ಆದಕಾರಣ ದೋಷವಿಲ್ಲ" ಎಂಬ ಮಾತಿನಲ್ಲಿಯೇ ವಿವಾದವಿರುವುದು. ನಿದ್ರೆಯೂ ಸ್ವಭಾವವೇ, ಹಾಗೆಂದು ಕಾವಲುಗಾರನ ನಿದ್ರೆಯನ್ನು ಯಾರಾದರೂ ಮನ್ನಿಸುವರೆ?

2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಹಸುಳೆಯೊಂದು ಕೊಳವೆ ಬಾವಿಗೆ ಬಿದ್ದುದೂ, ಸುಮಾರು 20 ಗಂಟೆಗಳ ತರುವಾಯ ಜೀವಸಹಿತ ಮೇಲಕ್ಕೆ ಬಂದುದೂ ಎಲ್ಲರ ನೆನಪಿನಲ್ಲಿದೆ. ನಾಡೇ ಟಿ.ವಿ.ಯ ಮುಂದೆ ಕೈಮುಗಿದು ಕುಳಿತಿತು, ನಾನೂ ಕುಳಿತಿದ್ದೆನು. ಕೂಸು ಉಳಿದುದಕ್ಕೆ ನನಗಾದ ಸಂತೋಷವು ಕಪಟದ್ದಲ್ಲ. ಆದರೆ ಮರುದಿನ ನಾವೆಲ್ಲರೂ ಎದ್ದು ನಮ್ಮ ಕೆಲಸಕ್ಕೆ ಹೋದೆವು. ತೆರೆದ ಕೊಳವೆಗಳನ್ನು ಮುಚ್ಚಬೇಕೆಂದೂ, ಕೊರೆಯುವುದಕ್ಕೆ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕೆಂದೂ ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿರುವುದನ್ನು ವಿಚಾರಿಸಿದವರೆಷ್ಟು ಮಂದಿ?

ಇನ್ನು, ಅಂತಹ ಬಾವಿಯಲ್ಲಿ ಮಗು ಬೀಳದೆ ನೀರೇ ಬಂದಿತೆನ್ನಿರಿ. ಪಾವಗಡ, ಮುಂಡರಗಿ ಮೊದಲಾದ ಸೀಮೆಗಳಲ್ಲಿ ಆಳದ ಕಲ್ಲಿನೊಳಗಿನಿಂದ ಬರುವ ನೀರು ಫ್ಲೋರೈಡನ್ನು ಕರಗಿಸಿಕೊಂಡೇ ಬರುವುದೆಂಬುದು ಬಹುಕಾಲದಿಂದ ತಿಳಿದ ವಿಷಯ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಒಸಡಿನೊಳಗೆ ಬೆಳೆಯುತ್ತಿರುವಾಗಲೇ ಮಕ್ಕಳ ಹಲ್ಲು ಕಲೆಗಟ್ಟುವುದು. ಪ್ರಮಾಣವು ಇನ್ನೂ ಹೆಚ್ಚಿದರೆ ಬೆನ್ನು ಸೆಡೆತು ಮೊಣಕಾಲು ಸೊಟ್ಟಗಾಗುವುದು. ಕುದಿಸಿದರೆ ಹೋಗುವ ದೋಷವಲ್ಲವಿದು. ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಔಷಧವೂ ಇಲ್ಲ. 1937ರಲ್ಲಿಯೇ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ವ್ಯಾಧಿಯನ್ನು ಗುರುತಿಸಿ ಬರೆದರು. ಇದಕ್ಕಾಗಿ ನಾಡು ಒಂದು ರಾತ್ರಿಯಾದರೂ ಎಚ್ಚರವಾಗಿದ್ದುದನ್ನು ನಾನರಿಯೆನು.

ಏಕೆ? ಬಹುಜನರು ಕಾಣರೆಂಬುದಷ್ಟೇ ಕಾರಣವಲ್ಲ. ಕೊಳವೆಯಲ್ಲಿ ಸಿಕ್ಕ ಕೂಸು ನಮ್ಮಿಂದ ಒಂದು ದಿನದ ಕಣ್ಣೀರನ್ನು ಮಾತ್ರ ಬೇಡುವುದು. ಅದರ ಕಥೆಗೆ ಕೊನೆಯುಂಟು. ಅದು ನಮ್ಮನ್ನು ಬೆರಳೆತ್ತಿ ತೋರಿಸುವುದಿಲ್ಲ. ನೀರಿನ ದೋಷವಾದರೋ ಹೂಳು ತುಂಬಿದ ಕೆರೆಯನ್ನೂ, ಸಾವಿರ ಅಡಿಗೆ ಇಳಿದ ನಮ್ಮ ಪಂಪುಗಳನ್ನೂ, ನಮ್ಮ ತೋಟಗಳನ್ನೂ ಕುರಿತು ಪ್ರಶ್ನಿಸುವುದು. (ನಮ್ಮ ಸಂಘದಲ್ಲಿ ತೋಟವಿಲ್ಲದ ಸದಸ್ಯರು ಎಷ್ಟು ಮಂದಿಯೆಂದು ನಾನು ಎಣಿಸುವುದಿಲ್ಲ.)

ಆದಿಕವಿಯೂ ಒಂದೇ ಹಕ್ಕಿಗೆ ಮರುಗಲಿಲ್ಲವೆ ಎಂದು ಮಿತ್ರರು ಕೇಳಿದರು. ಮರುಗಿದನು. ಆದರೆ ಆತನ ದೃಷ್ಟಿಯು ಸತ್ತ ಕ್ರೌಂಚದಲ್ಲಿಯೇ ನಿಲ್ಲದೆ ಬಾಣವು ಬಂದ ದಿಕ್ಕಿಗೆ ತಿರುಗಿತು. ಬಾಯಿಂದ ಹೊರಟ ಮೊದಲ ಮಾತೇ ಬೇಡನನ್ನು ಕುರಿತದ್ದು. ನಾವು ಹಕ್ಕಿಗೆ ಅಳುವೆವು, ಬೇಡನ ಹೆಸರನ್ನೆತ್ತೆವು. ಎತ್ತಿದರೆ ನಮ್ಮ ಕೈಯಲ್ಲಿಯೂ ಬಿಲ್ಲು ಕಂಡೀತೆಂಬ ಭಯ.

ಈ ಆಕ್ಷೇಪದಿಂದ ನಾನು ಹೊರಗಿನವನಲ್ಲ. ಬಯಲುಸೀಮೆಯ ಒಂದು ಊರಿನಲ್ಲಿ ಉಪಾಧ್ಯಾಯನಾಗಿದ್ದಾಗ, ಕಂದುಹಲ್ಲಿನ ಹುಡುಗನೊಬ್ಬನನ್ನು ತರಗತಿಯ ಮುಂದೆ ನಿಲ್ಲಿಸಿ, ನಾಳೆ ಬೇವಿನಕಡ್ಡಿಯಿಂದ ಹಲ್ಲುಜ್ಜಿಕೊಂಡು ಬಾರೆಂದು ಗದರಿಸಿದೆನು. ಅವನು ಮರುದಿನ ಒಸಡಿನಲ್ಲಿ ರಕ್ತ ಬರುವಂತೆ ಉಜ್ಜಿಕೊಂಡು ಬಂದನು. ಬಣ್ಣವು ಹಾಗೆಯೇ ಇದ್ದಿತು. ಆ ತರಗತಿಯಲ್ಲಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುವ ಮಕ್ಕಳು ಇನ್ನೂ ಹತ್ತಾರು ಮಂದಿ ಇದ್ದರು; ಅದನ್ನು ನಾನು ವಿನಯವೆಂದೇ ಭಾವಿಸಿದ್ದೆನು. ಅವರು ಕುಡಿದ ನೀರನ್ನೇ ನಾನೂ ಕುಡಿದೆನು. ನನ್ನ ಹಲ್ಲು ಬಾಲ್ಯದಲ್ಲಿ ಹೊಳೆಯ ನೀರಿನಿಂದ ಬೆಳೆದುವಾದುದರಿಂದ ಬೆಳ್ಳಗಿದ್ದುವು, ಅಷ್ಟೆ.

ಮುಂದಿನ ಸಭೆಗೆ ನನ್ನ ಮಿತ್ರರು ತಮ್ಮೂರ ಶಾಲೆಯ ನೀರನ್ನು ಪರೀಕ್ಷೆ ಮಾಡಿಸಿ ಅದರ ಅಂಕಿಯನ್ನು ತರಲಿ. ನಾನೂ ನಮ್ಮೂರಿನದನ್ನು ತರುವೆನು. ಮನುಷ್ಯಸ್ವಭಾವದ ಚರ್ಚೆಯನ್ನು ಅನಂತರ ಮುಂದುವರಿಸೋಣ.