ತಂತಿಯೊಳಗಿನ ಗುಟ್ಟು ತಂತಿಯಲ್ಲೇ ಉಳಿಯುವುದೇ?

ವಿದ್ಯುಚ್ಛಕ್ತಿಯನ್ನು ತರುವ ತಂತಿಯೇ ಸುದ್ದಿಯನ್ನೂ ಒಯ್ಯಬಲ್ಲದು. ನಮ್ಮ ದೇಶದ ವಿದ್ಯುತ್ ಉಪಕೇಂದ್ರಗಳು ಉಚ್ಚ ವೋಲ್ಟೇಜಿನ ತಂತಿಗಳ ಮೂಲಕವೇ ಪರಸ್ಪರ ಸಂದೇಶ ಕಳುಹಿಸುವ ಪದ್ಧತಿ ಹಲವು ದಶಕಗಳಷ್ಟು ಹಳೆಯದು. ಈಗ ಆ ತತ್ತ್ವವು ಮನೆಯ ಬಾಗಿಲಿಗೆ ಬರುವಂತಾಗಿದೆ. 2025ರಲ್ಲಿ ಕರ್ನಾಟಕದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಅಳವಡಿಸುವ ಕಾರ್ಯ ಆರಂಭವಾಯಿತು. ಇಂತಹ ಮೀಟರು ತನ್ನ ಲೆಕ್ಕವನ್ನು ರೇಡಿಯೋ ಅಲೆಗಳ ಮೂಲಕವಾಗಲಿ, ಮೊಬೈಲ್ ಜಾಲದ ಮೂಲಕವಾಗಲಿ, ವಿದ್ಯುತ್ ತಂತಿಯ ಮೂಲಕವಾಗಲಿ ಕಳುಹಿಸಬಹುದು. ಇವುಗಳಲ್ಲಿ ತಂತಿಯ ಮಾರ್ಗವೇ ನಿರ್ಭಯವಾದುದು, ಗಾಳಿಯಲ್ಲಿ ಹಾರದ ಸುದ್ದಿಯನ್ನು ಕದ್ದಾಲಿಸುವವರು ಯಾರು ಎಂದು ಕೆಲವರು ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಭೌತಶಾಸ್ತ್ರವು ಹೇಳುವುದನ್ನು ನೋಡೋಣ. ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದರ ತರಂಗಾಂತರ 6,000 ಕಿಲೋಮೀಟರು. ಅದರ ಮುಂದೆ ಮನೆಯ ತಂತಿ ಏತರ ಲೆಕ್ಕ? ಆದುದರಿಂದ ಅದು ಆಂಟೆನಾದಂತೆ ವರ್ತಿಸುವುದಿಲ್ಲ. ಆದರೆ ವೇಗವಾಗಿ ಸುದ್ದಿ ಸಾಗಿಸಲು 2ರಿಂದ 30 ಮೆಗಾಹರ್ಟ್ಸ್ ಆವರ್ತನಗಳನ್ನು ಬಳಸುತ್ತಾರೆ. 10 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಕೇವಲ 30 ಮೀಟರು. ಅದರ ಕಾಲುಭಾಗ ಏಳೂವರೆ ಮೀಟರು, ಎಂದರೆ ಒಂದು ಸಾಧಾರಣ ಮನೆಯೊಳಗಿನ ತಂತಿಯ ಉದ್ದ. ಹೋಗುವ ಮತ್ತು ಬರುವ ತಂತಿಗಳ ಪ್ರವಾಹಗಳು ಸಮನಾಗಿದ್ದರೆ ಅವುಗಳ ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಆದರೆ ಸ್ವಿಚ್ಚಿಗೆ ಹೋಗುವ ಒಂಟಿ ತಂತಿಯೇ ಆ ಸಮತೋಲವನ್ನು ಕೆಡಿಸಲು ಸಾಕು. ಆಗ ಗೋಡೆಯೊಳಗಿನ ತಂತಿ ಪುಟ್ಟದೊಂದು ಪ್ರಸಾರಕೇಂದ್ರವಾಗುತ್ತದೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಮಧ್ಯತರಂಗದಲ್ಲಿ ಆಲಿಸಿದ ಹಿರಿಯರನ್ನು ಕೇಳಿ. ಕೆಟ್ಟ ಸ್ವಿಚ್ಚೊಂದು ಎಬ್ಬಿಸುವ ಕರಕರ ಸದ್ದು ರೇಡಿಯೋವನ್ನು ತಲಪುತ್ತಿದ್ದುದನ್ನು ಅವರು ಬಲ್ಲರು.

ಇದು ಬರಿಯ ತರ್ಕವಲ್ಲ. ವಿದ್ಯುತ್ ಕಾರಿಗೂ ಚಾರ್ಜಿಂಗ್ ಯಂತ್ರಕ್ಕೂ ನಡುವೆ ಅದೇ ಕೇಬಲ್ಲಿನಲ್ಲಿ ನಡೆಯುವ ಸಂಭಾಷಣೆಯನ್ನು, ಕೇಬಲ್ಲನ್ನು ಮುಟ್ಟದೆ ದೂರದಿಂದಲೇ ನಿಸ್ತಂತುವಾಗಿ ಹಿಡಿಯಬಹುದೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಬೇಕರ್ ಮತ್ತು ಇವಾನ್ ಮಾರ್ಟಿನೋವಿಚ್ 2019ರಲ್ಲಿ ತೋರಿಸಿಕೊಟ್ಟರು. ಮೀಟರುಗಳು ಸಾಮಾನ್ಯವಾಗಿ ಕಿಲೋಹರ್ಟ್ಸ್ ಪ್ರಮಾಣದ ಕೆಳ ಆವರ್ತನಗಳನ್ನು ಬಳಸುವುದರಿಂದ ಅವುಗಳ ಅಲೆ ಅಷ್ಟು ದೂರ ಹರಡಲಾರದು, ನಿಜ. ಆದರೂ ಒಂದೇ ಟ್ರಾನ್ಸ್‌ಫಾರ್ಮರಿನ ಮನೆಗಳೆಲ್ಲ ಒಂದೇ ತಂತಿಯನ್ನು ಹಂಚಿಕೊಂಡಿರುತ್ತವೆ. ಒಬ್ಬರ ಮೀಟರಿನ ಮಾತು ಇನ್ನೊಬ್ಬರ ಪ್ಲಗ್ಗಿನಲ್ಲಿಯೂ ಕೇಳಿಸಬಲ್ಲದು.

ಮೀಟರಿನ ಅಂಕಿಗಳಲ್ಲಿ ಮುಚ್ಚಿಡುವಂಥದೇನಿದೆ? ಮನೆಯ ಒಟ್ಟು ವಿದ್ಯುತ್ ಬಳಕೆಯ ಏರಿಳಿತದಿಂದಲೇ ಯಾವ ಉಪಕರಣ ಯಾವಾಗ ನಡೆಯಿತೆಂದು ಗುರುತಿಸುವ ವಿಧಾನವನ್ನು ಜಾರ್ಜ್ ಹಾರ್ಟ್ 1992ರಲ್ಲಿ ವಿವರಿಸಿದರು. ನವಲಗುಂದ ತಾಲ್ಲೂಕಿನ ತಿರ್ಲಾಪುರದಂತಹ ಊರನ್ನು ನೆನೆಯಿರಿ. ಭಾರತ ಹುಣ್ಣಿಮೆಗೆ ಮನೆಮಂದಿಯೆಲ್ಲ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದರೆ ಅಂಕಿಗಳು ಅದನ್ನು ಸಾರುತ್ತವೆ. ಹಳ್ಳಿಯಲ್ಲಿ ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಎನ್ನಬಹುದು. ಆದರೆ ಮನೆಗೆ ಬೀಗ ಬಿದ್ದುದನ್ನು ಬಲ್ಲ ನೆರೆಯವರು ಆ ಮನೆಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಅದನ್ನೇ ಬಲ್ಲ ಅಪರಿಚಿತನು ಹಾಗಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ವಿಷಯ. ಆ ಹಕ್ಕು ಪಟ್ಟಣಕ್ಕೊಂದು, ಹಳ್ಳಿಗೊಂದು ಎಂದು ಎರಡಿಲ್ಲ.

ಹಾಗೆಂದು ಹೊಸ ಮೀಟರೇ ಬೇಡವೆನ್ನುವುದು ನಮ್ಮ ವಾದವಲ್ಲ. ರೋಗ ತಿಳಿದಿದೆ, ಮದ್ದೂ ಇದೆ. ಗೂಢಲಿಪಿಯ ಭದ್ರತೆ ಅದರ ಕೀಲಿಯಲ್ಲಿ ಮಾತ್ರ ಇರಬೇಕು, ಯಂತ್ರದ ರಹಸ್ಯದಲ್ಲಲ್ಲ ಎಂದು ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿಯೇ ಹೇಳಿದ್ದರು. 56 ಬಿಟ್ಟುಗಳ ಹಳೆಯ ಕೀಲಿಯೊಂದನ್ನು 1998ರಲ್ಲಿ ಮೂರು ದಿನಗಳೊಳಗೆ ಒಡೆದರು. ಇಂದಿನ 128 ಬಿಟ್ಟುಗಳ ಕೀಲಿಯಲ್ಲಾದರೋ ಸಾಧ್ಯವಿರುವ ಕೀಲಿಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು! ಆದರೆ ಕೀಲಿ ಎಷ್ಟು ಗಟ್ಟಿಯಾಗಿದ್ದರೇನು, ಊರಿನ ಬೀಗಗಳಿಗೆಲ್ಲ ಒಂದೇ ಕೀಲಿಯಾದರೆ? ಮನೆಯೊಳಗೆ ವಿದ್ಯುತ್ ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಹೋಮ್‌ಪ್ಲಗ್ ಎಂಬ ಉಪಕರಣಗಳು ಕಾರ್ಖಾನೆಯಿಂದ ಹೊರಬರುವಾಗ ಅವೆಲ್ಲಕ್ಕೂ ಒಂದೇ ಗುಪ್ತಪದವಿರುತ್ತಿತ್ತು; ಅದು ಅವುಗಳ ಹೆಸರೇ ಆಗಿತ್ತು. ಕೊಂಡವರು ಬದಲಾಯಿಸದಿದ್ದರೆ ಬೀಗ ಹೆಸರಿಗೆ ಮಾತ್ರ.

ಆದುದರಿಂದ ನಾವು ಕೇಳುವುದು ಇಷ್ಟೇ. ಪ್ರತಿಯೊಂದು ಮೀಟರಿಗೂ ತನ್ನದೇ ಆದ ಕೀಲಿ ಇರಲಿ. ಅದು ಆಗಾಗ ಬದಲಾಗುತ್ತಿರಲಿ. ಯಾವ ಗೂಢಲಿಪಿಯನ್ನು ಬಳಸಿದ್ದಾರೆಂಬುದನ್ನು ಬಹಿರಂಗವಾಗಿ ತಿಳಿಸಲಿ. ತಂತಿಯಿಂದ ಸೋರುವ ಅಲೆಗಳನ್ನು ಸ್ವತಂತ್ರವಾಗಿ ಅಳೆಯಲಿ. ಈ ಅಳತೆಗೆ ಪರದೇಶದ ಪರಿಣತರನ್ನು ಕಾಯಬೇಕಾಗಿಲ್ಲ. ಧಾರವಾಡದಲ್ಲಿ 2016ರಿಂದ ಐ.ಐ.ಟಿ. ನಡೆಯುತ್ತಿದೆ, ಹುಬ್ಬಳ್ಳಿಯಲ್ಲಿ ತಾಂತ್ರಿಕ ವಿದ್ಯಾಲಯಗಳಿವೆ. ಇಂದು ಆಂಟೆನಾದ ಪಾಠ ಓದುತ್ತಿರುವ ವಿದ್ಯಾರ್ಥಿಗಳು ನಾಳೆ ಈ ಕೆಲಸಕ್ಕೆ ಕೈಹಾಕಲಿ. ತಂತಿಯು ಗುಟ್ಟನ್ನು ಕಾಯಲಾರದು. ಕಾಯುವ ಹೊಣೆ ಕೀಲಿಯದು, ಮತ್ತು ಕೀಲಿಯ ಲೆಕ್ಕ ಕೇಳುವ ಪ್ರಜೆಗಳದು.