ಕರ್ನಾಟಕ ರಾಜ್ಯ ಹವಾಮಾನ ಬದಲಾವಣೆ ಕ್ರಿಯಾ ಯೋಜನೆ

ಕರ್ನಾಟಕ ರಾಜ್ಯ ಹವಾಮಾನ ಬದಲಾವಣೆ ಕ್ರಿಯಾ ಯೋಜನೆಯು ಹವಾಮಾನ ವೈಪರೀತ್ಯಗಳನ್ನು ಎದುರಿಸಲು ಮತ್ತು ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ತಗ್ಗಿಸಲು ಕರ್ನಾಟಕ ಸರ್ಕಾರವು ರೂಪಿಸಿದ ನೀತಿ ದಾಖಲೆ. ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯು (ಎಂಪ್ರಿ) ಇದನ್ನು ಸಿದ್ಧಪಡಿಸಿದೆ.

ಹಿನ್ನೆಲೆ

ಕೇಂದ್ರ ಸರ್ಕಾರವು 2008ರ ಜೂನ್ 30ರಂದು ಎಂಟು ಅಭಿಯಾನಗಳನ್ನೊಳಗೊಂಡ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಅದಕ್ಕನುಗುಣವಾಗಿ ರಾಜ್ಯಗಳೂ ತಮ್ಮ ಯೋಜನೆಗಳನ್ನು ರೂಪಿಸಬೇಕೆಂದು 2009ರಲ್ಲಿ ಸೂಚಿಸಲಾಯಿತು. ಬರಪೀಡಿತ ಪ್ರದೇಶದ ವಿಸ್ತೀರ್ಣದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದು. 1988ರಲ್ಲಿಯೇ ಇಲ್ಲಿ ಬರ ಉಸ್ತುವಾರಿ ಕೋಶ ಸ್ಥಾಪನೆಯಾಗಿತ್ತು. ಅದು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ.

ಅನುಷ್ಠಾನ ಮತ್ತು ಸವಾಲುಗಳು

2018ರಲ್ಲಿ ಕೊಡಗಿನಲ್ಲಿ ಭೂಕುಸಿತಗಳು ಸಂಭವಿಸಿದವು. 2019ರಲ್ಲಿ ಕೃಷ್ಣಾ ಕಣಿವೆಯ ಜಿಲ್ಲೆಗಳು ಪ್ರವಾಹಕ್ಕೆ ತುತ್ತಾದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಬರ ಪರಿಹಾರದ ಹಣ ಬಿಡುಗಡೆಗಾಗಿ ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು.

ವಿಪತ್ತಿನ ನಂತರದ ಪರಿಹಾರ ಮತ್ತು ಮುಂಚಿತ ಸಿದ್ಧತೆಗಳ ನಡುವಿನ ಅಂತರ ಹಣಕಾಸಿನಲ್ಲಿಯೂ ಕಾಣುತ್ತದೆ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 80ರಷ್ಟನ್ನು ಸ್ಪಂದನೆಗೂ ಶೇ. 20ರಷ್ಟನ್ನು ಅಪಾಯ ತಗ್ಗಿಸುವ ಕಾಮಗಾರಿಗಳಿಗೂ ನಿಗದಿಪಡಿಸಿತು. ಕೃಷಿ ಹೊಂಡ, ಕೆರೆಗಳ ಪುನಶ್ಚೇತನ, ಜಲಾನಯನ ಅಭಿವೃದ್ಧಿಯಂತಹ ಹೊಂದಾಣಿಕೆಯ ಕಾರ್ಯಗಳು ಕೃಷಿ, ಸಣ್ಣ ನೀರಾವರಿ ಮೊದಲಾದ ಇಲಾಖೆಗಳಲ್ಲಿ ಹಂಚಿಹೋಗಿವೆ. ಆದ್ದರಿಂದ ಯೋಜನೆಯ ಫಲಿತಾಂಶವು ಈ ಇಲಾಖೆಗಳ ವಾರ್ಷಿಕ ಆಯವ್ಯಯದಲ್ಲಿ ಅದಕ್ಕೆ ದೊರೆಯುವ ಸ್ಥಾನವನ್ನು ಅವಲಂಬಿಸಿದೆ.