ಸುಳ್ಳು ಇನ್‌ವಾಯ್ಸಿಗೂ ಒಂದು ಲಾಗಿನ್ ಬೇಕು

2009ರ ಜನವರಿ 7. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡ್ರು: ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಅದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಹೆಚ್ಚು ಬಿತ್ತು. ದುಡ್ಡು ಕಳೆದುಕೊಂಡ ಹೂಡಿಕೆದಾರರ ನಡುವೆ ವಾದ ಶುರುವಾಯಿತು: ಹೊಣೆ ರಾಜು ಒಬ್ಬರದೇನಾ, ಬೋರ್ಡಿನದಾ, ಆಡಿಟರದಾ?

ನಿರ್ದೇಶಕರಿಗೆ ಇದು ಗೊತ್ತಿರಲಿಲ್ಲ ಅಂತ ರಾಜು ಪತ್ರದಲ್ಲೇ ಬರೆದಿದ್ರು. ಇರಬಹುದು. ಆದ್ರೆ ಕೇಳಿ ತಿಳ್ಕೊಳ್ಳೋದೇ ಅವರ ಕೆಲಸ ಅಲ್ವಾ? ಹಿಂದಿನ ತಿಂಗಳಷ್ಟೇ ರಾಜು ಕುಟುಂಬದ ಮೇಟಾಸ್ ಕಂಪನಿಗಳನ್ನು ಕೊಳ್ಳೋಕೆ ಇದೇ ಬೋರ್ಡ್ ಒಪ್ಪಿತ್ತು. ಅದನ್ನು ತಡೆದದ್ದು ತಿರುಗಿಬಿದ್ದ ಹೂಡಿಕೆದಾರರು.

ನಮಗೆ ನಾಟಬೇಕಾದ ಮಾತು ಇನ್ನೊಂದಿದೆ. ಸಿಬಿಐ ಪತ್ತೆ ಮಾಡಿದ ನಕಲಿ ಇನ್‌ವಾಯ್ಸುಗಳು 7,561. ಬೇರೆ ವಿಭಾಗದವರಿಗೆ ಕಾಣದ ಹಾಗೆ ಅವನ್ನು ಕಂಪನಿಯ ಸಾಫ್ಟ್‌ವೇರಿನಲ್ಲೇ 'ಸೂಪರ್ ಯೂಸರ್' ಲಾಗಿನ್ನಿಂದ ಮುಚ್ಚಿಟ್ಟಿದ್ರು. ಇಷ್ಟೆಲ್ಲ ಒಬ್ಬರ ಕೈಯಿಂದ ಆಗೋ ಕೆಲಸ ಅಲ್ಲ. 2015ರಲ್ಲಿ ಹೈದರಾಬಾದ್ ಕೋರ್ಟು ಶಿಕ್ಷೆ ಕೊಟ್ಟ ಹತ್ತು ಜನರಲ್ಲಿ ಆಡಿಟರುಗಳೂ ಇದ್ರು, ಕಂಪನಿಯ ನೌಕರರೂ ಇದ್ರು.

ಮೇಲಿನವರನ್ನು ಮೊದಲು ಹಿಡಿಯಲಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾಳೆ "ಈ ಎಂಟ್ರಿ ಯಾರಿಗೂ ಕಾಣಬಾರದು, ಹಾಗೆ ಮಾಡಿಕೊಡು" ಅಂತ ಮ್ಯಾನೇಜರ್ ಹೇಳಿದರೆ, "ಯಾಕೆ ಸಾರ್?" ಅಂತ ಕೇಳಬೇಕಾದವರು ನಾವೇ.